ಧೂಳು, ಸುಣ್ಣ ಮತ್ತು ಕರೆಂಟ್ ಬಿಲ್ಲು

ಎಸಿ, ಗೀಸರ್, ಫ್ಯಾನು, ಕೂಲರ್ – ಯಾವುದೂ ಒಂದೇ ದಿನಕ್ಕೆ ಕೆಡುವುದಿಲ್ಲ. ಕೆಡುವ ಮೊದಲು ಬಹಳ ಕಾಲ ಸೊರಗುತ್ತವೆ. ಹತ್ತು ನಿಮಿಷದಲ್ಲಿ ತಣ್ಣಗಾಗುತ್ತಿದ್ದ ಕೋಣೆಗೆ ಅರ್ಧ ಗಂಟೆ ಬೇಕಾಗುತ್ತದೆ. ಹಲ್ಲುಜ್ಜಿ ಬರುವಷ್ಟರಲ್ಲಿ ಕಾಯುತ್ತಿದ್ದ ನೀರು ಕಾಫಿ ಕುಡಿದು ಪೇಪರ್ ಮಡಚಿಟ್ಟರೂ ಬೆಚ್ಚಗಷ್ಟೇ ಇರುತ್ತದೆ. ನಾವು ‘ಈ ಸಲ ಬಿಸಿಲು ಜಾಸ್ತಿ’, ‘ಈ ಸಲ ಚಳಿ ಜಾಸ್ತಿ’ ಎಂದು ತಪ್ಪನ್ನು ಕಾಲದ ಮೇಲೆ ಹಾಕಿ, ರಿಮೋಟಿನಲ್ಲಿ ಎರಡು ಡಿಗ್ರಿ ಇಳಿಸುತ್ತೇವೆ, ಗೀಸರಿನ ಸ್ವಿಚ್ಚನ್ನು ಇನ್ನಷ್ಟು ಮುಂಚೆ ಒತ್ತುತ್ತೇವೆ. ಯಂತ್ರ ಸೊರಗಿದ್ದು ನಮಗೆ ಗೊತ್ತಾಗುವ ಮೊದಲೇ ಮೀಟರಿಗೆ ಗೊತ್ತಾಗಿರುತ್ತದೆ.

ಕಾಲದ ಮೇಲಿನ ದೂರು ಪೂರ್ತಿ ಸುಳ್ಳೂ ಅಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು. ಫ್ಯಾನಿಲ್ಲದೆಯೇ ಬೇಸಿಗೆ ಕಳೆಯುತ್ತೇವೆಂದು ಜಂಬ ಪಡುತ್ತಿದ್ದ ಊರಿನ ಬಾಲ್ಕನಿಗಳಲ್ಲಿ ಈಗ ಎಸಿ ಯೂನಿಟ್ಟುಗಳ ಸಾಲು. ಕಲಬುರಗಿ, ರಾಯಚೂರಿನವರಿಗೆ ಇದೆಲ್ಲ ನಗು ತರಿಸುವ ಮಾತು. 39 ಡಿಗ್ರಿ ಅಂದರೆ ಅಲ್ಲಿ ಬೇಸಿಗೆ ಇನ್ನೂ ಶುರುವಾಗುತ್ತಿದೆ ಎಂದರ್ಥ. ಆದರೆ ಯಂತ್ರಗಳ ವಿಷಯಕ್ಕೆ ಬಂದರೆ ಬೀದರಿನಿಂದ ಚಾಮರಾಜನಗರದವರೆಗೆ ಕಾಯಿಲೆ ಒಂದೇ. ತಂಪು ಮಾಡುವ ಯಂತ್ರಕ್ಕೆ ಧೂಳು, ಬಿಸಿ ಮಾಡುವ ಯಂತ್ರಕ್ಕೆ ಸುಣ್ಣ. ಮನೆಗೆ ಬರುವ ರಿಪೇರಿಗಳಲ್ಲಿ ಬಹುಪಾಲಿನ ಮೂಲ ಹುಡುಕಿದರೆ ಇವೆರಡರಲ್ಲಿ ಒಂದು ಸಿಗುತ್ತದೆ. ತಮಾಷೆಯೆಂದರೆ ಎರಡನ್ನೂ ತೆಗೆಯುವುದು ಸುಲಭ, ಖರ್ಚೂ ಕಡಿಮೆ. ಅದಕ್ಕೇ ಇರಬೇಕು, ಯಾರೂ ತೆಗೆಯುವುದಿಲ್ಲ.

ಮೊದಲು ಎಸಿ. ಅದು ತಂಪನ್ನು ತಯಾರಿಸುವುದಿಲ್ಲ. ಕೋಣೆಯ ಶಾಖವನ್ನು ಬಾವಿಯಿಂದ ನೀರು ಸೇದಿದ ಹಾಗೆ ಸೇದಿ ಹೊರಗೆ ಸುರಿಯುತ್ತದೆ. ಒಳಗಿನ ಕಾಯಿಲ್ ಶಾಖ ಹೀರುತ್ತದೆ, ಹೊರಗಿನ ಕಾಯಿಲ್ ಅದನ್ನು ಬಿಡುತ್ತದೆ, ನಡುವೆ ಕಂಪ್ರೆಸರ್ ಗ್ಯಾಸನ್ನು ಒತ್ತಿ ಓಡಾಡಿಸುತ್ತದೆ. ‘ಒಂದೂವರೆ ಟನ್’ ಎನ್ನುವುದು ಪೆಟ್ಟಿಗೆಯ ತೂಕವೂ ಅಲ್ಲ. ಅಮೆರಿಕದ ಅಳತೆಯ ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗಲು ಎಷ್ಟು ಶಾಖ ಹೀರುತ್ತದೋ ಅಷ್ಟನ್ನು ಹೊರಹಾಕುವ ಶಕ್ತಿಗೆ ಒಂದು ಟನ್ ಎಂದು ಹೆಸರು. ಅಂದರೆ ಸುಮಾರು 3.5 ಕಿಲೋವ್ಯಾಟ್. ಒಂದೂವರೆ ಟನ್ನಿನ ಎಸಿ ಐದು ಕಿಲೋವ್ಯಾಟಿಗೂ ಹೆಚ್ಚು ಶಾಖವನ್ನು ಸಾಗಿಸಲು ಒಂದೂವರೆ ಕಿಲೋವ್ಯಾಟಿನ ಆಸುಪಾಸು ಕರೆಂಟ್ ತಿನ್ನುತ್ತದೆ. ತಿಂದದ್ದಕ್ಕಿಂತ ಮೂರು ಪಟ್ಟು ಕೆಲಸ! ಆದರೆ ಎರಡೂ ಕಾಯಿಲ್‌ಗಳ ಮೇಲೆ ಗಾಳಿ ಧಾರಾಳವಾಗಿ ಹರಿದರೆ ಮಾತ್ರ ಈ ಲಾಭ.

ಆ ಹರಿವಿಗೆ ಮೊದಲು ಅಡ್ಡ ಬರುವುದು ಒಳಗಿನ ಯೂನಿಟ್ಟಿನ ಫಿಲ್ಟರ್. ರಸ್ತೆ ಅಗೆತದ ಧೂಳು, ಊದುಬತ್ತಿಯ ಹೊಗೆ, ಬಾಗಿಲಿಲ್ಲದ ಅಡುಗೆಮನೆಯಿಂದ ಹಾಲಿಗೆ ಹಾರಿಬರುವ ಒಗ್ಗರಣೆಯ ಜಿಡ್ಡು ಎಲ್ಲ ಸೇರಿ ಅದರ ಮೇಲೊಂದು ಬೂದು ಕಂಬಳಿ ಹೊದೆಸುತ್ತವೆ. ಕೊಳಕು ಫಿಲ್ಟರ್ ತೆಗೆದು ಚೊಕ್ಕಟವಾದದ್ದು ಹಾಕಿದರೆ ಎಸಿಯ ವಿದ್ಯುತ್ ಬಳಕೆ ಶೇ 5ರಿಂದ 15ರಷ್ಟು ಇಳಿಯುತ್ತದೆ ಎನ್ನುವುದು ಅಮೆರಿಕದ ಇಂಧನ ಇಲಾಖೆಯ ಅಂದಾಜು. ಇದು ಸಣ್ಣ ಅಂಕಿಯಂತೆ ಕಾಣಬಹುದು. ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ ಫಲಾನುಭವಿಗಳು ಮಾತ್ರ ಕೊಂಚ ಲೆಕ್ಕ ಹಾಕಿ ನೋಡಬೇಕು. ಮನೆಯ ಉಳಿದ ಖರ್ಚು 100 ಯೂನಿಟ್, ರಾತ್ರಿ ಮೂರು ಗಂಟೆ ಓಡುವ ಎಸಿಯದು 90 ಯೂನಿಟ್ ಎಂದಿಟ್ಟುಕೊಳ್ಳಿ, ಒಟ್ಟು 190. ಆ 90ರ ಮೇಲೆ ಫಿಲ್ಟರಿನ ಧೂಳು ಶೇ 15 ಏರಿಸಿದರೆ ಮೀಟರ್ 203 ದಾಟುತ್ತದೆ. 200 ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮದೇ. ಫಿಲ್ಟರ್ ತೊಳೆಯಲು ಮೆಕ್ಯಾನಿಕ್ ಬೇಕಿಲ್ಲ. ಮುಚ್ಚಳ ಎತ್ತಿ, ಜಾಳಿಗೆ ಎಳೆದು, ನಲ್ಲಿ ನೀರಿಗೆ ಹಿಡಿದು ಮೆತ್ತನೆಯ ಬ್ರಷ್ಷಿನಲ್ಲಿ ಉಜ್ಜಿ, ನೆರಳಲ್ಲಿ ಒಣಗಿಸಿದರೆ ಆಯಿತು. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಸಾಕು. ಬಿಸಿಲಿಗಿಟ್ಟರೆ ಪ್ಲಾಸ್ಟಿಕ್ ಚೌಕಟ್ಟು ಸೊಟ್ಟಗಾಗುತ್ತದೆ, ಅಷ್ಟೇ ಎಚ್ಚರಿಕೆ.

ಹೊರಗಿನ ಯೂನಿಟ್ಟಿನ ಪಾಡು ಇನ್ನೂ ಕಷ್ಟದ್ದು. ಕೊಂಡ ದಿನ ಯಾವ ಮೂಲೆಗೆ ತಳ್ಳಿದೆವೋ ಅಲ್ಲಿಗೇ ಅದರ ನೆನಪು ಮುಗಿಯುತ್ತದೆ. ಯುಟಿಲಿಟಿಗೆ ಗಾಜು ಹಾಕಿಸಿ ಮುಚ್ಚುತ್ತೇವೆ, ಅದರ ಮುಂದೆಯೇ ಬೆಡ್‌ಶೀಟ್ ಒಣಹಾಕುತ್ತೇವೆ. ಅದು ಉಗುಳಿದ ಬಿಸಿಗಾಳಿಯನ್ನು ಅದೇ ಮತ್ತೆ ಎಳೆದುಕೊಳ್ಳುತ್ತಾ ಬೇಯುತ್ತದೆ. ಬೆಂಗಳೂರಿನಲ್ಲಿ ಪಾರಿವಾಳದ ಕಾಟ ಬೇರೆ. ಯೂನಿಟ್ಟಿನ ಹಿಂಬದಿ ಗೂಡು ಕಟ್ಟಲು ಹೇಳಿ ಮಾಡಿಸಿದ ಜಾಗ. ಕಡ್ಡಿ, ಪುಕ್ಕ, ಹಿಕ್ಕೆ ಕಾಯಿಲಿನ ತೆಳು ರೆಕ್ಕೆಗಳ ನಡುವೆ ತುಂಬಿಕೊಳ್ಳುತ್ತವೆ, ಹಿಕ್ಕೆಯ ಆಮ್ಲ ಲೋಹವನ್ನೂ ತಿನ್ನುತ್ತದೆ. ಅಪಾರ್ಟ್‌ಮೆಂಟ್‌ನವರು ಪಾರಿವಾಳದ ಬಲೆಯನ್ನು ಬಾಲ್ಕನಿಗೆ ಹಾಕಿಸುತ್ತಾರೆ, ಎಸಿ ಇರುವ ಮೂಲೆಯನ್ನು ಬಿಟ್ಟುಬಿಡುತ್ತಾರೆ. ಮಂಗಳೂರು, ಉಡುಪಿ, ಕಾರವಾರದಲ್ಲಿ ಪಾರಿವಾಳದ ಬದಲು ಸಮುದ್ರದ ಉಪ್ಪುಗಾಳಿ. ತಾಮ್ರದ ಕೊಳವೆಗೆ ಅಲ್ಯೂಮಿನಿಯಂ ರೆಕ್ಕೆ ಕೂಡುವ ಕಡೆ ಉಪ್ಪಿನ ತೇವ ಸೇರಿದರೆ ಅಲ್ಯೂಮಿನಿಯಂ ಪುಡಿಪುಡಿಯಾಗುತ್ತದೆ. ಕರಾವಳಿಯವರು ಆಗಾಗ ಮೇನ್ ಸ್ವಿಚ್ ಆಫ್ ಮಾಡಿ, ಹೊರಗಿನ ಕಾಯಿಲಿಗೆ ಸಿಹಿನೀರು ಹಾಯಿಸಿ ಉಪ್ಪು ತೊಳೆಯುವುದು ಒಳ್ಳೆಯದು. ನೀರಿನ ರಭಸ ಹೆಚ್ಚಾದರೆ ರೆಕ್ಕೆಗಳು ಮಡಚಿಕೊಂಡು ಮತ್ತೆ ಗಾಳಿಗೇ ಅಡ್ಡವಾಗುತ್ತವೆ.

‘ಗ್ಯಾಸ್ ಖಾಲಿ ಆಗಿದೆ ಸರ್’

ಎಸಿ ತಣ್ಣಗಾಗುತ್ತಿಲ್ಲ ಎಂದು ಫೋನ್ ಮಾಡಿದರೆ ಬರುವ ಹುಡುಗ ಫಿಲ್ಟರ್ ನೋಡುವ ಮೊದಲೇ ಹೇಳುವ ಮಾತು ಇದು. ಎಲ್ಲರೂ ಹೀಗೆ ಎನ್ನಲಾರೆ. ಒಳ್ಳೆಯ ಕೆಲಸಗಾರರು ಬೇಕಾದಷ್ಟಿದ್ದಾರೆ. ಆದರೆ ಈ ಒಂದು ವಾಕ್ಯದ ಮೇಲೆ ಬೇಸಿಗೆಯಲ್ಲಿ ನಡೆಯುವಷ್ಟು ವ್ಯಾಪಾರ ಇನ್ನಾವುದರ ಮೇಲೂ ನಡೆಯುವುದಿಲ್ಲ. ವಿಷಯ ಸರಳ. ಎಸಿಯ ಗ್ಯಾಸ್ ಸ್ಕೂಟರಿನ ಪೆಟ್ರೋಲಿನಂತೆ ಉರಿದು ಮುಗಿಯುವಂಥದ್ದಲ್ಲ. ಅದು ಮುಚ್ಚಿದ ಕೊಳವೆಯೊಳಗೆ ಸುತ್ತುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ತೂತಾಗಿದೆ ಎಂದೇ ಅರ್ಥ. ತೂತು ಹುಡುಕದೆ ತುಂಬಿಸಿದ ಗ್ಯಾಸ್ ಮುಂದಿನ ಬೇಸಿಗೆಯ ಹೊತ್ತಿಗೆ ಮತ್ತೆ ಖಾಲಿ, ಆಗ ಮತ್ತೆ ಅದೇ ಬಿಲ್.

ಹಾಗಾಗಿ ಕೇಳಬೇಕಾದ ಪ್ರಶ್ನೆ ‘ಎಷ್ಟಾಗುತ್ತಪ್ಪಾ?’ ಎಂದಲ್ಲ, ‘ಲೀಕ್ ಎಲ್ಲಿದೆ ತೋರಿಸಪ್ಪಾ’ ಎಂದು. ಸರಿಯಾಗಿ ಕೆಲಸ ಬಲ್ಲವನು ನೈಟ್ರೋಜನ್ ತುಂಬಿ, ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವ ಜಾಗ ತೋರಿಸುತ್ತಾನೆ; ಅಲ್ಲಿ ಬೆಸುಗೆ ಹಾಕಿ, ವ್ಯಾಕ್ಯೂಮ್ ಪಂಪಿನಿಂದ ಕೊಳವೆಯೊಳಗಿನ ಗಾಳಿ–ತೇವ ಎಳೆದು, ಆಮೇಲೆ ಯೂನಿಟ್ಟಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಎಷ್ಟು ಗ್ರಾಂ ಎಂದಿದೆಯೋ ಅಷ್ಟನ್ನು ತಕ್ಕಡಿಯಲ್ಲಿ ತೂಗಿ ತುಂಬುತ್ತಾನೆ. ತಕ್ಕಡಿ, ವ್ಯಾಕ್ಯೂಮ್ ಪಂಪ್ ಎರಡೂ ಇಲ್ಲದೆ ಬರೀ ಸಿಲಿಂಡರ್ ಹೊತ್ತು ಬಂದವನಿಗೆ ಕಾಫಿ ಕೊಟ್ಟು ಕಳಿಸಬಹುದು. ಈಗಿನ ಹೆಚ್ಚಿನ ಎಸಿಗಳಲ್ಲಿರುವ ಆರ್-32 ಗ್ಯಾಸ್ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಗುಣವುಳ್ಳದ್ದೂ ಹೌದು. ಅಂದಾಜಿನ ಕೆಲಸಕ್ಕೆ ಅದು ಜಾಗವಲ್ಲ.

ಲೀಕ್ ಆಗುವುದು ಯಾಕೆ? ರಾಜಕಾಲುವೆಯ, ತೆರೆದ ಚರಂಡಿಯ ಪಕ್ಕದ ಮನೆಗಳಲ್ಲಿ ಕೊಳಚೆಯಿಂದೇಳುವ ಹೈಡ್ರೋಜನ್ ಸಲ್ಫೈಡ್ ತಾಮ್ರವನ್ನು ಕಪ್ಪಾಗಿಸಿ ಸೂಜಿಮೊನೆಯಷ್ಟು ತೂತು ಕೊರೆಯುತ್ತದೆ. ಇನ್ನೊಂದು ಕಾರಣ ಮನೆ ಬದಲಾವಣೆ. ಬಾಡಿಗೆ ಕರಾರು ಮುಗಿದು ಎಸಿ ಬಿಚ್ಚುವಾಗ ಗ್ಯಾಸನ್ನೆಲ್ಲ ಹೊರಗಿನ ಯೂನಿಟ್ಟಿಗೆ ಎಳೆದು ವಾಲ್ವ್ ಬಂದ್ ಮಾಡಬೇಕು. ಕಸುಬಿನವರು ಇದಕ್ಕೆ ‘ಪಂಪ್ ಡೌನ್’ ಎನ್ನುತ್ತಾರೆ. ಅವಸರಕ್ಕೆ ಪೈಪ್ ಬಿಚ್ಚಿದರೆ ಗ್ಯಾಸ್ ಬುಸ್ಸೆಂದು ಹೋಗುತ್ತದೆ, ಹೊಸ ಮನೆಯಲ್ಲಿ ಮತ್ತೆ ತುಂಬಿಸುವ ಖರ್ಚು ಬೀಳುತ್ತದೆ. ಹೋದ ಗ್ಯಾಸ್ ಸುಮ್ಮನೆ ಇರುವುದೂ ಇಲ್ಲ. ಆರ್-410ಎ ಎಂಬ ಎಸಿ ಗ್ಯಾಸ್ ಭೂಮಿ ಬಿಸಿಯಾಗಿಸುವುದರಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 2,000 ಪಟ್ಟು ಜೋರು; ಆರ್-32 ಸುಮಾರು 675 ಪಟ್ಟು. ಸೆಕೆ ತಡೆಯಲಾರದೆ ತಂದ ಯಂತ್ರ ಸೆಕೆಗೇ ಕೈಜೋಡಿಸಿದಂತಾಗುತ್ತದೆ.

ಒಳಗಿನ ತಾಮ್ರದ ಪೈಪಿನ ಮೇಲೆ ಮಂಜುಗಡ್ಡೆ ಕಟ್ಟಿದರೆ ಗ್ಯಾಸ್ ಕಡಿಮೆ ಇರಬಹುದು, ಬರೀ ಫಿಲ್ಟರ್ ಕಟ್ಟಿಕೊಂಡಿರಲೂಬಹುದು. ಮೊದಲು ಎರಡನೆಯದನ್ನು ನೋಡಿ. ಯೂನಿಟ್ಟಿನಿಂದ ಗೋಡೆಗೆ ನೀರು ಸುರಿದರೆ ಹೆಚ್ಚಿನಂಶ ನೀರು ಹೋಗುವ ಸಣ್ಣ ಪೈಪಿನಲ್ಲಿ ಲೋಳೆ ಕಟ್ಟಿದೆ. ಊದಿ, ತೊಳೆದರೆ ಸರಿಯಾಗುತ್ತದೆ. ಆ ನೀರನ್ನು ಹಲವರು ಡಿಸ್ಟಿಲ್ಡ್ ವಾಟರ್ ಎಂದುಕೊಂಡು ಇನ್ವರ್ಟರ್ ಬ್ಯಾಟರಿಗೆ ಹಾಕುತ್ತಾರೆ. ಬೇಡ. ಕಾಯಿಲಿನ ಧೂಳು, ಲೋಹದ ಅಂಶ ಅದರಲ್ಲಿರುತ್ತದೆ. ನೆಲ ಒರೆಸಲು, ಅಂಗಳ ತೊಳೆಯಲು ಧಾರಾಳವಾಗಿ ಬಳಸಿ.

ಇನ್ನು ರಿಮೋಟು. 2020ರ ಜನವರಿಯಿಂದ ಸ್ಟಾರ್ ಚೀಟಿ ಹೊತ್ತ ಎಸಿಗಳು ಶುರುವಾಗುವಾಗಲೇ 24 ಡಿಗ್ರಿಯಲ್ಲಿರಬೇಕು ಎಂಬ ನಿಯಮವಿದೆ. ಒಂದೊಂದು ಡಿಗ್ರಿ ಮೇಲೇರಿಸಿದರೂ ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎನ್ನುತ್ತದೆ ಕೇಂದ್ರದ ಇಂಧನ ದಕ್ಷತಾ ಬ್ಯೂರೋ. 18ಕ್ಕೆ ಇಳಿಸಿದರೆ ಬೇಗ ತಣ್ಣಗಾಗುತ್ತದೆ ಎಂಬುದು ಬರೀ ಭ್ರಮೆ. ಎಸಿಯ ಪೂರ್ಣ ವೇಗ 24ಕ್ಕೂ 18ಕ್ಕೂ ಒಂದೇ, ನಿಲ್ಲುವ ಗೆರೆಯಷ್ಟೇ ಬೇರೆ. ಆ ಗೆರೆ ಬರುವವರೆಗೆ ಮೀಟರ್ ಓಡುತ್ತಿರುತ್ತದೆ, ನಾವು ರಗ್ಗು ಹೊದ್ದು ಮಲಗಿರುತ್ತೇವೆ. 26 ಇಟ್ಟು, ಮೇಲೊಂದು ಫ್ಯಾನನ್ನು ಸಣ್ಣಗೆ ಬಿಟ್ಟುಕೊಂಡರೆ ಹೆಚ್ಚಿನವರಿಗೆ ಹಿತವಾಗಿಯೇ ಇರುತ್ತದೆ.

ಫ್ಯಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೆಯದು 70–80 ವ್ಯಾಟ್ ತಿನ್ನುತ್ತದೆ, ಬಿಎಲ್‌ಡಿಸಿ ಫ್ಯಾನು ಅದರ ಅರ್ಧಕ್ಕಿಂತ ಕಡಿಮೆ. ಫ್ಯಾನು ನಿಧಾನವಾಯಿತೆಂದರೆ ಮೋಟರ್ ಹೋಯಿತೆಂದು ಗಾಬರಿಯಾಗಬೇಡಿ. ಬಹಳ ಸಲ ಬಡವಾದದ್ದು ಒಳಗಿನ ಕೆಪಾಸಿಟರ್. ಕಡಿಮೆ ದುಡ್ಡಿನ ಬಿಡಿಭಾಗ, ಎಲೆಕ್ಟ್ರಿಷಿಯನ್‌ಗೆ ಹತ್ತು ನಿಮಿಷದ ಕೆಲಸ. ಫ್ಯಾನು ಬೆವರು ಆರಿಸಿ ತಂಪಾಗಿಸುವುದು ನಮ್ಮನ್ನು, ಕೋಣೆಯನ್ನಲ್ಲ. ಯಾರೂ ಇಲ್ಲದ ಕೋಣೆಯಲ್ಲಿ ಅದು ತಿರುಗಿ ಪ್ರಯೋಜನವಿಲ್ಲ.

ಕೂಲರ್ ಮಾತ್ರ ಕಲ್ಯಾಣ ಕರ್ನಾಟಕದವರ ಸೊತ್ತು. ನೀರು ಆವಿಯಾಗುವಾಗ ಗಾಳಿಯ ಶಾಖ ಕದಿಯುವುದೇ ಅದರ ಗುಟ್ಟು. ಹೀಗಾಗಿ ಒಣಹವೆಯ ರಾಯಚೂರಿನಲ್ಲಿ ಎಸಿಯ ಕಾಲುಭಾಗ ಕರೆಂಟಿಗೂ ಕಡಿಮೆಯಲ್ಲಿ ಅದು ಪವಾಡ ಮಾಡುತ್ತದೆ; ಗಾಳಿಯಲ್ಲೇ ನೀರು ತುಂಬಿರುವ ಮಂಗಳೂರಿನಲ್ಲಿ ಅದನ್ನು ಹಚ್ಚಿದರೆ ಸೆಕೆಗೆ ಜಿಗುಟು ಸೇರುತ್ತದೆ. ಒಣ ಊರಿನಲ್ಲೂ ಕಿಟಕಿ ಮುಚ್ಚಿಕೊಂಡು ಕೂಲರ್ ಹಾಕಿದರೆ ಸ್ವಲ್ಪ ಹೊತ್ತಿಗೆ ಕೋಣೆ ಮಂಗಳೂರಾಗುತ್ತದೆ. ಎದುರಿನ ಕಿಟಕಿ ತೆಗೆದಿರಬೇಕು. ಲಾವಂಚದ ಪರದೆಯಾಗಲಿ, ಮರದ ಎಳೆಯ ಪ್ಯಾಡಾಗಲಿ, ಜೇನುಗೂಡಿನಂತಹ ಕಾಗದದ ಪ್ಯಾಡಾಗಲಿ, ಬೋರ್‌ವೆಲ್ ನೀರಿನ ಸುಣ್ಣ ಕುಳಿತು ಬಿಳಿಯಾಗಿ ಗಟ್ಟಿಯಾದ ಮೇಲೆ ಅದರ ಮೂಲಕ ಗಾಳಿಯೂ ಹೋಗದು, ನೀರೂ ಇಳಿಯದು. ಪ್ರತಿ ಋತುವಿಗೆ ಬದಲಿಸಿದರೆ ಮೇಲು. ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ, ಉಜ್ಜಿ, ಒಣಗಿಸಬೇಕು. ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಮೂಡಲು ಎಂಟು ಹತ್ತು ದಿನ ಸಾಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಮಾಡಿತು.

ಬೋರ್‌ವೆಲ್ ಬರೆವ ಬಿಳಿ ಲೆಕ್ಕ

ಸುಣ್ಣದ ಮಾತು ಬಂತು. ಬೋರ್ ಆಳಕ್ಕಿಳಿದಷ್ಟೂ ಬಂಡೆಯ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೊತ್ತು ಬರುವ ನೀರಿಗೆ ಜನ ‘ಗಡಸು ನೀರು’ ಎನ್ನುತ್ತಾರೆ. ತಣ್ಣಗಿರುವಾಗ ಅದು ಕಣ್ಣಿಗೆ ಕಾಣುವುದಿಲ್ಲ. ಕಾಯಿಸಿದಾಗ ಕರಗಿದ್ದ ಬೈಕಾರ್ಬೊನೇಟ್ ಒಡೆದು ಕಾರ್ಬೊನೇಟ್ ಆಗಿ, ಎಲ್ಲಿ ಹೆಚ್ಚು ಬಿಸಿಯಿದೆಯೋ ಅಲ್ಲೇ ಕೂರುತ್ತದೆ. ಗೀಸರಿನಲ್ಲಿ ಅತಿ ಬಿಸಿ ಜಾಗ ಎಂದರೆ ಎಲಿಮೆಂಟ್. ಅದರ ಸುತ್ತ ಸುಣ್ಣ ದಪ್ಪಗಾದಂತೆ ಶಾಖ ನೀರಿಗೆ ಹೋಗಲು ತಡವಾಗುತ್ತದೆ, ಎಲಿಮೆಂಟ್ ಒಳಗೊಳಗೇ ಬೆಂದು ಒಂದು ದಿನ ಸುಟ್ಟುಹೋಗುತ್ತದೆ. ಅದಕ್ಕೂ ಮುಂಚೆ ಗೀಸರ್ ಗುಳುಗುಳು, ಚಟಪಟ ಸದ್ದು ಮಾಡುತ್ತದೆ: ಪದರದಡಿ ಸಿಕ್ಕ ನೀರು ಕುದಿದು ಸಿಡಿಯುವ ಸದ್ದು. ಸದ್ದು ಕೇಳಿದ ತಿಂಗಳೇ ಸರ್ವಿಸಿನವರನ್ನು ಕರೆದು ಎಲಿಮೆಂಟ್ ಬಿಚ್ಚಿಸಿ ಸುಣ್ಣ ತೆಗೆಸಿದರೆ ಖರ್ಚು ನೂರರ ಲೆಕ್ಕದಲ್ಲಿ ಮುಗಿಯುತ್ತದೆ.

ಆಗ ಇನ್ನೊಂದು ವಸ್ತುವನ್ನು ನೋಡಿಸಿಕೊಳ್ಳಿ. ಟ್ಯಾಂಕಿನೊಳಗೆ ಮೆಗ್ನೀಸಿಯಂನ ಒಂದು ಕಡ್ಡಿ ಇರುತ್ತದೆ. ಕಸುಬಿನವರು ‘ಆನೋಡ್ ರಾಡ್’ ಎನ್ನುತ್ತಾರೆ. ತುಕ್ಕು ಟ್ಯಾಂಕನ್ನು ಮುಟ್ಟುವ ಮೊದಲು ಈ ಕಡ್ಡಿಯನ್ನು ತಿನ್ನಲಿ ಎಂದೇ ಅದನ್ನು ಇಟ್ಟಿರುವುದು. ಕಡ್ಡಿ ಸವೆದು ತಂತಿಯಷ್ಟೇ ಉಳಿದ ಮೇಲೆ ತುಕ್ಕಿಗೆ ಟ್ಯಾಂಕೇ ಗತಿ. ಲೀಕಾದ ಟ್ಯಾಂಕಿಗೆ ರಿಪೇರಿಯಿಲ್ಲ, ಗೀಸರೇ ಹೊಸದು ಬೇಕು. ಗಡಸು ನೀರಿನ ಮನೆಯಲ್ಲಿ ವರ್ಷಕ್ಕೊಮ್ಮೆ, ಕಾವೇರಿ ನೀರಿನ ಮನೆಯಲ್ಲಿ ಎರಡು ವರ್ಷಕ್ಕೊಮ್ಮೆ ಈ ಕಡ್ಡಿ ನೋಡಿಸುವುದು ಗೀಸರಿನ ಆಯಸ್ಸಿಗೆ ಸಂಬಂಧಿಸಿದ ಅತಿ ಮುಖ್ಯ ಕೆಲಸ. ನಮ್ಮಲ್ಲಿ ಹತ್ತು ಮನೆಯಲ್ಲಿ ಒಂಬತ್ತರವರಿಗೆ ಇಂಥದೊಂದು ಕಡ್ಡಿ ಇದೆಯೆಂದೇ ಗೊತ್ತಿರುವುದಿಲ್ಲ ಎಂದರೆ ಉತ್ಪ್ರೇಕ್ಷೆಯಾಗಲಾರದು.

ಥರ್ಮೋಸ್ಟಾಟನ್ನು 75ಕ್ಕೆ ತಿರುಗಿಸಿ, ಆಮೇಲೆ ಮುಕ್ಕಾಲು ಬಕೆಟ್ ತಣ್ಣೀರು ಬೆರೆಸುವ ಮನೆಗಳೂ ಇವೆ. ಬಿಸಿ ಹೆಚ್ಚಿದಷ್ಟೂ ಸುಣ್ಣ ಬೇಗ ಕಟ್ಟುತ್ತದೆ, ಟ್ಯಾಂಕಿನ ಗೋಡೆಯಿಂದ ಶಾಖವೂ ಹೆಚ್ಚು ಸೋರುತ್ತದೆ. 55–60 ಧಾರಾಳ. ಲೆಕ್ಕ ಬೇಕಾದರೆ: 15 ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 0.7 ಯೂನಿಟ್, 2 ಕಿಲೋವ್ಯಾಟ್ ಎಲಿಮೆಂಟಿಗೆ ಇಪ್ಪತ್ತೊಂದು ನಿಮಿಷ. ನಿಮ್ಮ ಗೀಸರ್ ಇದಕ್ಕೆ ನಲವತ್ತು ನಿಮಿಷ ತೆಗೆದುಕೊಳ್ಳುತ್ತಿದ್ದರೆ ಎಲಿಮೆಂಟೋ ವೋಲ್ಟೇಜೋ ಎರಡರಲ್ಲೊಂದು ಸರಿಯಿಲ್ಲ. ಟ್ಯಾಂಕಿನ ಸೇಫ್ಟಿ ವಾಲ್ವ್ ತೊಟ್ಟಿಕ್ಕುತ್ತದೆಂದು ಅದಕ್ಕೆ ಬಿರಡೆ ಹಾಕಿಸುವವರನ್ನು ಕೈಮುಗಿದು ತಡೆಯಬೇಕು. ಒತ್ತಡ ಹೊರಹೋಗಲು ಇರುವ ದಾರಿ ಅದೊಂದೇ. ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ನೋಡಿಸಿಕೊಳ್ಳುವುದೂ ಅಷ್ಟೇ ತುರ್ತು.

ಗ್ಯಾಸ್ ಗೀಸರ್ ಇರುವ ಮನೆಯವರಿಗೆ ಬಿಲ್ಲಿನ ಮಾತೇ ಬೇಡ, ಜೀವದ ಮಾತು. ಗಾಳಿಯಾಡದ ಬಚ್ಚಲಲ್ಲಿ ಅದು ಉರಿದರೆ ಆಮ್ಲಜನಕ ಸಾಲದೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ; ತಲೆ ಸುತ್ತುತ್ತಿದೆ ಎನ್ನುವಷ್ಟರಲ್ಲಿ ಮನುಷ್ಯ ಬಿದ್ದಿರುತ್ತಾನೆ. ಗೀಸರನ್ನು ಬಚ್ಚಲ ಹೊರಗೆ, ಬಯಲಿಗೆ ತೆರೆದ ಜಾಗದಲ್ಲಿ ಹಾಕಿಸಿ, ಬಿಸಿನೀರನ್ನಷ್ಟೇ ಪೈಪಿನಲ್ಲಿ ಒಳಗೆ ತನ್ನಿ. ನೀಲಿ ಉರಿ ಹಳದಿಯಾದರೆ ಆ ದಿನವೇ ನಿಲ್ಲಿಸಿ, ಬರ್ನರ್ ತೊಳೆಸಿ.

ಟೆರೇಸಿನ ಸೋಲಾರಿಗೆ ಬಂದರೆ ಮತ್ತೆ ಅದೇ ಬೋರ್ ನೀರು. ಗಾಜಿನ ಕೊಳವೆಯವು ತಳದಲ್ಲಿ ಮುಚ್ಚಿರುವುದರಿಂದ ಕೆಸರು, ಸುಣ್ಣ ಅಲ್ಲೇ ಕೂರುತ್ತವೆ. ತಾಮ್ರದ ಪ್ಲೇಟಿನವುಗಳ ಸಣ್ಣ ಕೊಳವೆಗಳು ಕಟ್ಟಿಕೊಳ್ಳುತ್ತವೆ. ಮೇಲೆ ನಿಂತಿರುವ ಏರ್ ವೆಂಟ್ ಪೈಪಿನ ಬಾಯಿ ಮುಚ್ಚಿದರೆ ನೀರು ಖಾಲಿಯಾಗುವಾಗ ಒಳಗೆ ನಿರ್ವಾತವಾಗಿ ಟ್ಯಾಂಕೇ ಒಳಕ್ಕೆ ಕುಸಿಯಬಹುದು. 100 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಒಯ್ಯಲು ನಾಲ್ಕು ಯೂನಿಟ್ ಬೇಕು. ಸೂರ್ಯ ಅದನ್ನು ಪುಕ್ಕಟೆ ಕೊಡುತ್ತಿರುವಾಗ ಮಳೆಗಾಲದಲ್ಲಿ ಹಾಕಿದ ಬ್ಯಾಕಪ್ ಸ್ವಿಚ್ಚನ್ನು ಆಫ್ ಮಾಡಲು ಮರೆತ ಮನೆಗಳಿಗೆ ಲೆಕ್ಕವಿಲ್ಲ. ಟೆರೇಸಿನ ಟ್ಯಾಂಕು ರಾತ್ರಿಯಿಡೀ ಕರೆಂಟಿನಲ್ಲಿ ಕಾಯುತ್ತದೆ, ಕೆಳಗೆ ಮನೆಯವರು ‘ನಮ್ಮದು ಸೋಲಾರ್’ ಎಂದು ಹೇಳಿಕೊಳ್ಳುತ್ತಿರುತ್ತಾರೆ. ಬಿಸಿಲಿಗೆ ಪುಡಿಯಾಗಿ ಉದುರಿದ ಪೈಪಿನ ಫೋಮ್ ಹೊದಿಕೆಯನ್ನೂ ಯಾರೂ ಬದಲಿಸುವುದಿಲ್ಲ. ಬಿಸಿನೀರು ಬರಲೆಂದು ಕಾಯುತ್ತ ದಿನವೂ ಅರ್ಧ ಬಕೆಟ್ ತಣ್ಣೀರನ್ನು ಮೋರಿಗೆ ಬಿಡುತ್ತಾರೆ.

ಇಷ್ಟು ಬೈದ ಸುಣ್ಣವನ್ನು ಒಂದು ಕಡೆ ಹೊಗಳಲೇಬೇಕು. ಮೇಲಿನ ಮಹಡಿಯವರು ಟೆರೇಸಿಗೆ ಬೇಸಿಗೆಗೆ ಮುಂಚೆ ದಪ್ಪಗೆ ಸುಣ್ಣ ಬಳಿಸಿದರೆ, ಅಥವಾ ಬಿಸಿಲು ಹಿಂದಿರುಗಿಸುವ ಬಿಳಿ ಪೇಂಟ್ ಹೊಡೆಸಿದರೆ, ತಾರಸಿ ಹೀರುವ ಬಿಸಿಲು ಗಣನೀಯವಾಗಿ ಕಡಿಮೆಯಾಗುತ್ತದೆ. ಎಸಿ ಹೊರಹಾಕಬೇಕಾದ ಶಾಖವೇ ಒಳಗೆ ಬರದಿದ್ದರೆ ಅದಕ್ಕಿಂತ ಅಗ್ಗದ ಎಸಿ ಇಲ್ಲ. ಪಶ್ಚಿಮದ ಕಿಟಕಿಗೆ ಹೊರಗಿನಿಂದ ಹಾಕಿದ ಬಿದಿರಿನ ತಟ್ಟಿ ಒಳಗಿನ ಭಾರಿ ಪರದೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ಗಾಜು ದಾಟಿ ಒಳಬಂದ ಬಿಸಿಲನ್ನು ಪರದೆ ತಡೆದರೂ ಆ ಶಾಖ ಕೋಣೆಯಲ್ಲೇ ಉಳಿಯುತ್ತದೆ.

ಉಳಿದದ್ದು ಯಾವಾಗ ಏನು ಎಂಬುದು. ಎಸಿ, ಕೂಲರ್ ಕೆಲಸವನ್ನು ಶಿವರಾತ್ರಿಯ ಒಳಗೆ ಮುಗಿಸಿಕೊಳ್ಳಿ. ಯುಗಾದಿ ದಾಟಿದರೆ ಮೆಕ್ಯಾನಿಕ್ ಫೋನ್ ಎತ್ತುವುದೇ ಕಷ್ಟ, ಎತ್ತಿದರೂ ಕಾಯಿಲ್ ತೊಳೆಯುವಷ್ಟು ಪುರುಸೊತ್ತು ಅವನಿಗಿರುವುದಿಲ್ಲ. ಗೀಸರ್, ಸೋಲಾರನ್ನು ಮಳೆ ಹಿಂದೆಗೆದ ಮೇಲೆ, ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮುಂಚೆ ನೋಡಿಸಿ. ವರ್ಷದ ಕಾಂಟ್ರಾಕ್ಟ್ ಮಾಡಿಸುವುದಾದರೆ ಅದರಲ್ಲಿ ಹೊರಗಿನ ಯೂನಿಟ್ಟಿನ ನೀರಿನ ಸರ್ವಿಸ್ ಸೇರಿದೆಯೇ, ಗ್ಯಾಸ್ ಮತ್ತು ಕಂಪ್ರೆಸರ್ ಯಾರ ಖರ್ಚು ಎಂಬುದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಹತ್ತು ವರ್ಷ ದಾಟಿದ ಎಸಿಯ ಕಂಪ್ರೆಸರ್ ಹೋದರೆ ಆ ದುಡ್ಡನ್ನು ಹೊಸದಕ್ಕೆ ಸೇರಿಸುವುದೇ ಜಾಣತನ. ಹಾಗೆ ಕೊಳ್ಳುವಾಗ ನಕ್ಷತ್ರ ಎಷ್ಟು ಎಂಬುದರ ಜೊತೆಗೆ ಚೀಟಿಯ ಮೇಲಿನ ವರ್ಷವನ್ನೂ ಓದಿ. ಸ್ಟಾರ್ ಕೊಡುವ ಮಾನದಂಡ ಆಗಾಗ ಬಿಗಿಯಾಗುತ್ತದೆ. ಗೋಡೌನಿನಲ್ಲಿ ಉಳಿದ ಹಳೆಯ ಐದು ನಕ್ಷತ್ರ ಹೊಸ ನಾಲ್ಕಕ್ಕೆ ಸಮವಾಗಿರಬಹುದು, ರಿಯಾಯಿತಿ ಮೇಳದಲ್ಲಿ ಅದನ್ನು ನಿಮಗೆ ಯಾರೂ ಹೇಳುವುದಿಲ್ಲ.